ಯುವಿ ಲೈಟ್ ಇರುವ ಏರ್ ಪ್ಯೂರಿಫೈಯರ್: ಅತ್ತೆಗೆ ಉಬ್ಬಸ ಇದೆ, ತಗೊಳ್ಳಬಹುದಾ?

ರಸ್ತೆಬದಿ_ಮನೆ (ರಾಜಾಜಿನಗರ, ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ದುಡ್ಡು ಕೊಡುವ ಮುಂಚೆ ನಿಮ್ಮನ್ನೊಮ್ಮೆ ಕೇಳಬೇಕು ಅನ್ನಿಸಿತು.

ನಮ್ಮದು ನೆಲಮಹಡಿ ಮನೆ. ಗೇಟಿನ ಮುಂದೆಯೇ ಬಸ್ಸು ಓಡಾಡುವ ರಸ್ತೆ. ಅತ್ತೆಗೆ 71 ವರ್ಷ. 15 ವರ್ಷದಿಂದ ಉಬ್ಬಸ. ಇನ್‌ಹೇಲರ್ ಒಂದು ದಿನವೂ ತಪ್ಪಿಸಿದವರಲ್ಲ. ಆದರೂ ಡಿಸೆಂಬರ್‌ನಿಂದ ಈಚೆಗೆ ಎರಡು ಸಲ ನೆಬ್ಯುಲೈಸ್ ಮಾಡಿಸಲು ಓಡಬೇಕಾಯಿತು. ಎರಡನೇ ಸಲ ಹೋದಾಗ ರಾತ್ರಿ ಒಂದೂವರೆ. ಆಟೋದಲ್ಲಿ ನನ್ನ ಭುಜಕ್ಕೆ ಒರಗಿ ಅವರು ಉಸಿರು ಎಳೆಯುತ್ತಿದ್ದ ಸದ್ದು ಈಗಲೂ ಕಿವಿಯಲ್ಲೇ ಇದೆ. ಮಗ ಒಂದನೇ ಕ್ಲಾಸು. ಅವನು ಶಾಲೆಯಿಂದ ನೆಗಡಿ ತಂದರೆ ನಾಲ್ಕೇ ದಿನದಲ್ಲಿ ಅತ್ತೆಗೂ ಬರುತ್ತದೆ.

ಹೋದ ಭಾನುವಾರ ಒಬ್ಬ ಸೇಲ್ಸ್ ಹುಡುಗ ಮನೆಗೇ ಬಂದು ಡೆಮೊ ಕೊಟ್ಟ. ಮಿಷನ್ನಿನ ಬೆಲೆ 24,000. ಒಳಗೆ ಯುವಿ, ಅಂದರೆ ಅತಿನೇರಳೆ ಬೆಳಕಿನ ಲೈಟ್ ಇದೆಯಂತೆ, ಗಾಳಿಗೆ ವಿದ್ಯುತ್ ಕಣ ಬಿಡುವ ಅಯಾನೈಸರ್ ಇದೆಯಂತೆ. ಫಿಲ್ಟರ್ ಇಲ್ಲ, ತೊಳೆಯುವ ಜಾಲರಿ ಅಷ್ಟೇ. "ವೈರಸ್ 99.9% ಸಾಯುತ್ತೆ, ಫಿಲ್ಟರ್ ಬದಲಾಯಿಸೋ ಖರ್ಚೇ ಇಲ್ಲ" ಅಂದ. ಜಾಲರಿಯ ಸಂದಿಯಿಂದ ನೀಲಿ ಬೆಳಕು ಕಾಣುತ್ತಿತ್ತು. ಅರ್ಧ ಗಂಟೆ ಓಡಿಸಿದ ಮೇಲೆ ರೂಮಿನಲ್ಲಿ ಝೆರಾಕ್ಸ್ ಅಂಗಡಿಯಲ್ಲಿ ಬರುವಂಥ ವಾಸನೆ. ಅದೇ ಶುದ್ಧ ಗಾಳಿಯ ವಾಸನೆ ಅಂದ. ಅತ್ತೆಗೆ ಮಾತ್ರ ಕೆಮ್ಮು ಶುರುವಾಯಿತು.

ಮಾವ ಇವತ್ತೇ ತರೋಣ ಅನ್ನುತ್ತಿದ್ದಾರೆ. ನನಗೆ ಯಾಕೋ ಧೈರ್ಯ ಸಾಲುತ್ತಿಲ್ಲ. ಅತ್ತೆಯ ರೂಮು 10 ಅಡಿಗೆ 12 ಅಡಿ, ಎತ್ತರ 10 ಅಡಿ. ಯುವಿ ನಿಜವಾಗಿ ಕೆಲಸ ಮಾಡುತ್ತದಾ? ಬಳಸಿದವರು ಹೇಳಿ.

ತುಂಗಭದ್ರೆಯಿಂದ_ದೂರ (ಗುರುಗ್ರಾಮ)

ಫಿಲ್ಟರ್ ಇಲ್ಲ ಅಂದರೆ ತಗೋಬೇಡಿ ಮೇಡಂ. ಎಂಟು ಚಳಿಗಾಲ ಇಲ್ಲಿ ಕಳೆದವನ ಮಾತು ಇದು.

ನಿಮ್ಮ ಮನೆಯ ಮುಖ್ಯ ತೊಂದರೆ ರಸ್ತೆಯ ಧೂಳು, ಹೊಗೆ. ಯುವಿ ಬೆಳಕು ಧೂಳನ್ನು ಏನೂ ಮಾಡುವುದಿಲ್ಲ. ಡೀಸೆಲ್ ಹೊಗೆಯ ಕಣ ಬೆಳಕಿನ ಮುಂದೆ ಹಾದುಹೋದರೂ ಆ ಕಡೆಯಿಂದ ಹಾಗೇ ಹೊರಬರುತ್ತದೆ. ಅದನ್ನು ಹಿಡಿಯಲು ಹೆಪಾ ಫಿಲ್ಟರೇ ಬೇಕು. 0.3 ಮೈಕ್ರಾನ್ ಗಾತ್ರದ ಕಣಗಳಲ್ಲೂ 99.97% ಹಿಡಿಯುವ ಫಿಲ್ಟರಿಗೆ ಹೆಪಾ ಅನ್ನುತ್ತಾರೆ.

ಪಿಎಂ 2.5, ಅಂದರೆ 2.5 ಮೈಕ್ರಾನಿಗಿಂತ ಸಣ್ಣ ಕಣಗಳ ಲೆಕ್ಕ ಗೊತ್ತಿರಲಿ. ಒಂದು ದಿನದ ಸರಾಸರಿ ಘನ ಮೀಟರಿಗೆ 15 ಮೈಕ್ರೋಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ನಮ್ಮ ದೇಶದ ಮಿತಿ 60. ಬೆಂಗಳೂರು ನಮ್ಮಷ್ಟು ಕೆಟ್ಟಿಲ್ಲ ಅಂತ ಸುಮ್ಮನಿರಬೇಡಿ. ರಸ್ತೆ ಬದಿಯ ನೆಲಮಹಡಿ ಮನೆಯ ಕಥೆಯೇ ಬೇರೆ.

ನನ್ನ ಮಿಷನ್ನಿನಲ್ಲಿ ಹೆಪಾ ಜೊತೆಗೆ ಯುವಿ ಬಟನ್ನೂ ಇದೆ. ನಾಲ್ಕು ವರ್ಷದಿಂದ ಅದನ್ನು ಆಫ್ ಮಾಡಿಯೇ ಇಟ್ಟಿದ್ದೇನೆ. ಮೀಟರಿನಲ್ಲಿ ಒಂದು ಅಂಕಿಯೂ ಬದಲಾಗಿಲ್ಲ.

ರಿಪೇರಿ_ಅಂಗಳ (ಹುಬ್ಬಳ್ಳಿ)

ನಾನು ಆಸ್ಪತ್ರೆ ಉಪಕರಣಗಳ ಸರ್ವಿಸ್ ಇಂಜಿನಿಯರ್. ಯುವಿ ಲ್ಯಾಂಪ್ ಹಾಕೋದು, ತೆಗೆಯೋದು ನನ್ನ ದಿನದ ಕೆಲಸ. ಗುರುಗ್ರಾಮದ ಸರ್ ಹೇಳಿದ್ದು ಧೂಳಿನ ವಿಷಯಕ್ಕೆ ಪೂರ್ತಿ ಸರಿ. ಆದರೆ ಯುವಿಯನ್ನು ಒಂದೇ ಮಾತಿಗೆ ತಳ್ಳಿಹಾಕುವುದು ಬೇಡ. ಅದು ಒಳ್ಳೆಯ ಅಸ್ತ್ರವೇ. ಈ ಡಬ್ಬಿಯಲ್ಲಿ ಅದಕ್ಕೆ ಕೆಲಸ ಮಾಡಲು ಜಾಗವೂ ಇಲ್ಲ, ಸಮಯವೂ ಇಲ್ಲ. ಯಾಕೆ ಅಂತ ಹೇಳುತ್ತೇನೆ.

ಕ್ರಿಮಿ ಕೊಲ್ಲುವುದು ಯುವಿ-ಸಿ ಅನ್ನುವ ಪಟ್ಟಿ. ಅದರ ಅಲೆಯ ಉದ್ದ 200ರಿಂದ 280 ನ್ಯಾನೋಮೀಟರ್. ನಾವು ಹಾಕುವ ಪಾದರಸದ ಲ್ಯಾಂಪ್ ಹೆಚ್ಚಿನಂಶ 254 ನ್ಯಾನೋಮೀಟರಿನ ಬೆಳಕು ಕೊಡುತ್ತದೆ. ಈ ಬೆಳಕು ಬಿದ್ದರೆ ಕ್ರಿಮಿಯ ಡಿಎನ್‌ಎ, ಆರ್‌ಎನ್‌ಎ ಎಳೆಯಲ್ಲಿ ಅಕ್ಕಪಕ್ಕದ ಕೊಂಡಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ಅದಕ್ಕೆ ತನ್ನ ನಕಲು ಮಾಡಿಕೊಳ್ಳಲು ಬರುವುದಿಲ್ಲ. ಯುವಿ-ಸಿ ಕಣ್ಣಿಗೆ ಕಾಣುವುದಿಲ್ಲ. ನೀವು ನೋಡಿದ ನೀಲಿ ಆ ಲ್ಯಾಂಪಿನಿಂದಲೇ ಬರುವ ಸ್ವಲ್ಪ ಬೇರೆ ಬೆಳಕು ಇರಬಹುದು. ಬರೀ ಅಂದಕ್ಕೆ ಹಾಕಿದ ನೀಲಿ ಎಲ್‌ಇಡಿಯೂ ಇರಬಹುದು. ಬಣ್ಣ ನೋಡಿ ಏನನ್ನೂ ತೀರ್ಮಾನ ಮಾಡಬೇಡಿ.

ಮುಖ್ಯ ಮಾತು ಡೋಸ್. ಬೆಳಕು ಎಷ್ಟು ಜೋರಾಗಿದೆ, ಎಷ್ಟು ಹೊತ್ತು ಬಿತ್ತು, ಎರಡನ್ನೂ ಗುಣಿಸಬೇಕು. ಮನೆಯ ನೀರಿನ ಫಿಲ್ಟರ್ ನೆನಪು ಮಾಡಿಕೊಳ್ಳಿ. ಅದರಲ್ಲೂ ಯುವಿ ಇರುತ್ತದೆ. ಮೊದಲು ಕ್ಯಾಂಡಲ್, ಕಾರ್ಬನ್ ದಾಟಿ ತಿಳಿಯಾದ ನೀರು ಬರುತ್ತದೆ. ಆಮೇಲೆ ಲ್ಯಾಂಪಿಗೆ ಅಂಟಿಕೊಂಡ ಹಾಗೆ ನಿಧಾನವಾಗಿ ಹರಿಯುತ್ತದೆ. ಒಂದು ಬಿಂದಿಗೆ ತುಂಬಲು ಎಷ್ಟು ಹೊತ್ತು ಕಾಯುತ್ತೀರಿ ನೋಡಿ. ಗಾಳಿ ಹಾಗೆ ಕಾಯುವುದಿಲ್ಲ. ಮಿಷನ್ನಿನೊಳಗೆ ಯುವಿ ಇರುವ ಭಾಗ 20 ಸೆಂಟಿಮೀಟರ್ ಅಂದುಕೊಳ್ಳಿ. ಫ್ಯಾನು ಗಾಳಿಯನ್ನು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಎಳೆದರೆ ಗಾಳಿ ಅಲ್ಲಿರುವುದು 0.1 ಸೆಕೆಂಡು. ಅಷ್ಟರಲ್ಲಿ ಪುಟ್ಟ ಎರಡು ಮೂರು ವಾಟ್ ಲ್ಯಾಂಪು ಏನು ಮಾಡೀತು? ಫ್ಯಾನು ನಿಧಾನ ಮಾಡಿದರೆ ಡೋಸ್ ಹೆಚ್ಚುತ್ತದೆ, ಆದರೆ ರೂಮಿನ ಗಾಳಿ ಮಿಷನ್ನಿಗೆ ಬರುವುದೇ ಕಡಿಮೆಯಾಗುತ್ತದೆ.

99.9% ಅನ್ನುವುದು ಹೆಚ್ಚಾಗಿ ಚಿಕ್ಕ ಪೆಟ್ಟಿಗೆಯಲ್ಲಿ ಗಂಟೆಗಟ್ಟಲೆ ಓಡಿಸಿ ಬರೆದ ಅಂಕಿ. ನಿಮಗೆ ಬೇಕಾದ ಅಂಕಿ ಸಿಎಡಿಆರ್. ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಅನ್ನುವ ಲೆಕ್ಕ. ನಿಮ್ಮ ರೂಮು 1,200 ಘನ ಅಡಿ, ಅಂದರೆ ಸುಮಾರು 34 ಘನ ಮೀಟರ್. ಗಂಟೆಗೆ 5 ಸಲ ರೂಮಿನ ಗಾಳಿಯಷ್ಟು ಶುದ್ಧವಾಗಬೇಕು ಅಂದರೆ ಸಿಎಡಿಆರ್ 170 ಬೇಕು. 5 ಸಲ ಅನ್ನುವುದು ನನ್ನ ಲೆಕ್ಕವಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2023ರಲ್ಲಿ ಕಟ್ಟಡಗಳಿಗೆ ಹೇಳಿದ ಗುರಿ.

ಇನ್ನು ಖರ್ಚೇ ಇಲ್ಲ ಅನ್ನುವ ಮಾತು. ಈ ಲ್ಯಾಂಪಿನ ಆಯಸ್ಸು ಸುಮಾರು 9,000 ಗಂಟೆ. ವರ್ಷಕ್ಕೆ 8,760 ಗಂಟೆ. ಹಗಲೂ ರಾತ್ರಿ ಉರಿಸಿದರೆ ವರ್ಷಕ್ಕೊಂದು ಲ್ಯಾಂಪು. ಆಮೇಲೂ ಅದು ನೀಲಿಯಾಗಿ ಉರಿಯುತ್ತಲೇ ಇರುತ್ತದೆ, ಕ್ರಿಮಿ ಕೊಲ್ಲುವ ಶಕ್ತಿ ಇಳಿದಿರುತ್ತದೆ. ಇದನ್ನು ಆ ಹುಡುಗ ಹೇಳಲಿಲ್ಲ ಅಲ್ವಾ?

ಝೆರಾಕ್ಸ್ ವಾಸನೆಯ ಬಗ್ಗೆ ಡಾಕ್ಟರ್ ಯಾರಾದರೂ ಹೇಳಲಿ. ನನಗೆ ಅದೇ ದೊಡ್ಡ ಚಿಂತೆ.

ಹೊಸಬೆಳಕು_77 (ದಾವಣಗೆರೆ)

ಇಂಜಿನಿಯರ್ ಸರ್, ಹಾಗಾದರೆ ಸಂಸತ್ತಿನಲ್ಲಿ ಯಾಕೆ ಹಾಕಿದರು? 2021ರಲ್ಲಿ ಸೆಂಟ್ರಲ್ ಹಾಲಿಗೆ, ಲೋಕಸಭೆಗೆ ಯುವಿ-ಸಿ ಅಂತ ಸುದ್ದಿ ಬಂದಿತ್ತು. ಚಂಡೀಗಢದ ನಮ್ಮ ಸರ್ಕಾರಿ ಸಂಸ್ಥೆಯೇ ಮಾಡಿದ್ದು. ಅಲ್ಲಿ ಆಗುವುದು ಮನೆಯಲ್ಲಿ ಯಾಕೆ ಆಗಲ್ಲ?

ರಿಪೇರಿ_ಅಂಗಳ (ಹುಬ್ಬಳ್ಳಿ)

ಒಳ್ಳೆ ಪ್ರಶ್ನೆ. ಅದು ಕೇಂದ್ರದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್‌ನ ಉಪಕರಣ ಸಂಸ್ಥೆ ಸಿಎಸ್‌ಐಒ ಮಾಡಿದ್ದು, ನನಗೂ ಅದರ ಬಗ್ಗೆ ಹೆಮ್ಮೆ ಇದೆ. ಅಲ್ಲಿ ಲ್ಯಾಂಪು ಇರುವುದು ಎಸಿ ಡಕ್ಟಿನ ಒಳಗೆ. ಡಕ್ಟ್ ಅಂದರೆ ಮನುಷ್ಯ ನುಸುಳುವಷ್ಟು ದೊಡ್ಡ ತಗಡಿನ ಕೊಳವೆ. ಗಾಳಿಯ ವೇಗ, ತೇವ, ಉದ್ದ ಎಲ್ಲ ಅಳೆದು ಲ್ಯಾಂಪು ಎಷ್ಟು ಬೇಕು ಅಂತ ಮೊದಲೇ ಕೂಡಿಸಿ ಹಾಕುತ್ತಾರೆ. ಬೆಳಕು ಡಕ್ಟಿನ ಹೊರಗೆ ಬರುವುದೇ ಇಲ್ಲ. ಅದೇ ಗಾಳಿ ಮತ್ತೆ ಮತ್ತೆ ತಿರುಗುವ ದೊಡ್ಡ ಸಭಾಂಗಣಕ್ಕೆ ಅದು ಸರಿಯಾದ ಉಪಾಯ. ಮನೆಯ ಸ್ಪ್ಲಿಟ್ ಎಸಿಗೆ ಡಕ್ಟೇ ಇಲ್ಲ.

ಉಸಿರು_ಹಸಿರು (ಮೈಸೂರು)

ನಾನು ಎದೆರೋಗದ ವೈದ್ಯೆ. ಮೊದಲು ರಸ್ತೆಬದಿ_ಮನೆ ಅವರಿಗೆ. ಆ ಮಿಷನ್ನು ಮತ್ತೆ ಡೆಮೊಗೂ ಒಳಗೆ ಬಿಟ್ಟುಕೊಳ್ಳಬೇಡಿ. ನೀವು ಹೇಳಿದ ವಾಸನೆ ಓಝೋನ್ ಇರುವ ಸಾಧ್ಯತೆ ತುಂಬಾ ಇದೆ. ಲ್ಯಾಂಪಿನ ಗಾಜು ಸರಿಯಿಲ್ಲದಿದ್ದರೆ 185 ನ್ಯಾನೋಮೀಟರಿನ ಬೆಳಕೂ ಹೊರಬರುತ್ತದೆ. ಅದು ಗಾಳಿಯಲ್ಲಿರುವ ಆಮ್ಲಜನಕವನ್ನು ಓಝೋನ್ ಮಾಡುತ್ತದೆ. ಅಯಾನೈಸರಿನಿಂದಲೂ ಬರಬಹುದು. ಆಕಾಶದಲ್ಲಿ ಎತ್ತರದಲ್ಲಿರುವ ಓಝೋನ್ ನಮ್ಮನ್ನು ಕಾಯುತ್ತದೆ, ನಿಜ. ಉಸಿರಿನೊಳಗೆ ಹೋದ ಓಝೋನ್ ಶ್ವಾಸನಾಳವನ್ನು ಕೆರಳಿಸುತ್ತದೆ. ಉಬ್ಬಸ ಇರುವವರಿಗೆ ಅದು ನೇರ ತೊಂದರೆ. ಕ್ಯಾಲಿಫೋರ್ನಿಯಾದಲ್ಲಿ 0.050 ಪಿಪಿಎಂಗಿಂತ (ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು) ಹೆಚ್ಚು ಓಝೋನ್ ಬಿಡುವ ಏರ್ ಕ್ಲೀನರ್ ಮಾರುವಂತಿಲ್ಲ ಅಂತ 2010ರಿಂದಲೇ ನಿಯಮ ಇದೆ. ನಿಮ್ಮ ಅತ್ತೆಯ ಕೆಮ್ಮು ಸುಮ್ಮನೆ ಬಂದದ್ದಲ್ಲ.

ಇನ್ನು ಯುವಿಯ ವಿಷಯ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಕ್ಷಯದ ವಾರ್ಡಿನಲ್ಲಿ ಕೆಲಸ ಮಾಡುವ ನಮಗೆ ಇದು ಜೀವದ ವಿಷಯ. ಜಗತ್ತಿನ ಕ್ಷಯ ರೋಗಿಗಳಲ್ಲಿ ನಾಲ್ಕನೇ ಒಂದು ಭಾಗ ನಮ್ಮ ದೇಶದಲ್ಲೇ ಇದ್ದಾರೆ. ಅದು ಹರಡುವುದು ಗಾಳಿಯಲ್ಲೇ.

ಗಾಳಿಯಲ್ಲಿ ರೋಗ ತೇಲುತ್ತದೆ ಅಂತ 1930ರ ದಶಕದಲ್ಲಿ ಹಟ ಹಿಡಿದು ತೋರಿಸಿದವರು ಅಮೆರಿಕದ ವಿಲಿಯಂ ವೆಲ್ಸ್ ಮತ್ತು ಅವರ ಹೆಂಡತಿ ಮಿಲ್ಡ್ರೆಡ್ ವೆಲ್ಸ್. ಫಿಲಡೆಲ್ಫಿಯಾ ಕಡೆಯ ಶಾಲೆಗಳ ತರಗತಿಗಳಲ್ಲಿ ಅವರು ಗೋಡೆಯ ಮೇಲ್ಭಾಗಕ್ಕೆ ಯುವಿ ಲ್ಯಾಂಪ್ ಹಾಕಿಸಿದರು. ಬೆಳಕು ಮಕ್ಕಳ ತಲೆಯ ಮೇಲೆಯೇ ಹರಡುವ ಹಾಗೆ. 1941ರಲ್ಲಿ ದಡಾರ ಜೋರಾಗಿ ಹಬ್ಬಿದಾಗ ಆ ತರಗತಿಗಳಲ್ಲಿ ಅದು ಎದ್ದುಕಾಣುವಷ್ಟು ಕಡಿಮೆ ಇತ್ತು. ಆಮೇಲೆ ನ್ಯೂಯಾರ್ಕ್ ರಾಜ್ಯದ ಹಳ್ಳಿ ಶಾಲೆಗಳಲ್ಲಿ ಬೇರೆಯವರು ಮಾಡಿ ನೋಡಿದರು. ಅಲ್ಲಿ ಅಷ್ಟು ಫಲ ಸಿಗಲಿಲ್ಲ. ಮಕ್ಕಳು ಶಾಲೆಯ ಬಸ್ಸಿನಲ್ಲಿ ಒತ್ತೊತ್ತಾಗಿ ಕೂತು ಬರುತ್ತಿದ್ದರು, ಸೋಂಕು ಅಲ್ಲೇ ಹತ್ತುತ್ತಿದ್ದಿರಬೇಕು. ನಾನು ಈ ಉದಾಹರಣೆಯನ್ನು ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತೇನೆ.

ವೆಲ್ಸ್ ಅವರ ಶಿಷ್ಯ ರಿಚರ್ಡ್ ರೈಲಿ 1950ರ ದಶಕದ ಕೊನೆಯಲ್ಲಿ ಬಾಲ್ಟಿಮೋರ್‌ನ ಆಸ್ಪತ್ರೆಯೊಂದರಲ್ಲಿ ಮಾಡಿದ ಪ್ರಯೋಗ ಇನ್ನೂ ಚೆನ್ನಾಗಿದೆ. ಕ್ಷಯದ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ತಾರಸಿಯ ಮೇಲಿದ್ದ ಗಿನಿ ಇಲಿಗಳ ಗೂಡಿಗೆ ಬಿಟ್ಟರು. ಇಲಿಗಳಿಗೆ ಕ್ಷಯ ಬಂತು. ಇನ್ನೊಂದು ಗೂಡಿಗೂ ಅದೇ ಗಾಳಿ, ಆದರೆ ದಾರಿಯಲ್ಲಿ ಯುವಿ. ಅಲ್ಲಿನ ಇಲಿಗಳಿಗೆ ಬರಲಿಲ್ಲ. ಪೆರು ದೇಶದ ಲಿಮಾದಲ್ಲಿ ಇಂಥದ್ದೇ ಪ್ರಯೋಗ ಮತ್ತೆ ನಡೆದು 2009ರಲ್ಲಿ ಪ್ರಕಟವಾಯಿತು. ಏನೂ ಇಲ್ಲದಾಗ 35% ಇಲಿಗಳಿಗೆ ಸೋಂಕು. ವಾರ್ಡಿನ ಮೇಲ್ಭಾಗದಲ್ಲಿ ಯುವಿ, ಗಾಳಿ ಬೆರೆಸಲು ಫ್ಯಾನು ಹಾಕಿದಾಗ 9.5%.

ಲಿಮಾದಲ್ಲಿ ಯುವಿ ಗೆದ್ದದ್ದು ಡಬ್ಬಿಯೊಳಗೆ ಅಲ್ಲ. ರೂಮಿನ ಮೇಲ್ಭಾಗದ ಗಾಳಿಯೆಲ್ಲ ಬೆಳಕಿನಲ್ಲಿ ನೆನೆಯುತ್ತಿತ್ತು. ನಮ್ಮ ಉಸಿರಿನ ಬಿಸಿಗಾಳಿ ಮೇಲೇರುತ್ತದೆ, ಫ್ಯಾನು ಮತ್ತೆ ಕೆಳಗೆ ತಳ್ಳುತ್ತದೆ, ಮತ್ತೆ ಮೇಲೇರುತ್ತದೆ. 0.1 ಸೆಕೆಂಡಿನ ಆಟ ಅಲ್ಲ. ಕ್ಷಯ ಹರಡುವ ಅಪಾಯ ಇರುವ ಕಡೆ ಇಂಥ ವ್ಯವಸ್ಥೆ ಬಳಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಶಿಫಾರಸು ಮಾಡಿದೆ. ಅದು ಆಸ್ಪತ್ರೆಗೆ, ಜನ ಸೇರುವ ಜಾಗಕ್ಕೆ. ಮನೆಯ ಮಲಗುವ ಕೋಣೆಗೆ ನಾನು ಬರೆದುಕೊಡುವುದಿಲ್ಲ.

ಅದೇ ಲಿಮಾದ ತಂಡ 2007ರಲ್ಲಿ ಇನ್ನೊಂದು ಲೆಕ್ಕ ಕೊಟ್ಟಿತ್ತು, ನನಗೆ ತುಂಬಾ ಇಷ್ಟವಾದದ್ದು. ಅಲ್ಲಿನ ಆಸ್ಪತ್ರೆಗಳಲ್ಲಿ ಕಿಟಕಿ ಬಾಗಿಲು ಪೂರ್ತಿ ತೆಗೆದರೆ ಗಂಟೆಗೆ 28 ಸಲ ಗಾಳಿ ಬದಲಾಗುತ್ತಿತ್ತು. ಎತ್ತರದ ಚಾವಣಿ, ದೊಡ್ಡ ಕಿಟಕಿಗಳಿದ್ದ ಹಳೇ ಕಟ್ಟಡಗಳಲ್ಲಿ 40 ಸಲ. ಯಂತ್ರದಿಂದ ಗಾಳಿ ಎಳೆಯುವ ಕೋಣೆಗಳಲ್ಲಿ 12. ಮೈಸೂರಿನ ನಮ್ಮ ಪಿಕೆಟಿಬಿ ಆಸ್ಪತ್ರೆ ನಾಲ್ವಡಿಯವರ ಸೋದರಿ, ಕ್ಷಯದಿಂದಲೇ ತೀರಿಕೊಂಡ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿದೆ. ಔಷಧಿಯೇ ಇಲ್ಲದ ಆ ಕಾಲದ ವೈದ್ಯರಿಗೆ ಗಾಳಿ ಬೆಳಕಿನ ಬೆಲೆ ಗೊತ್ತಿತ್ತು.

ಮೇಡಂ, ನಿಮಗೆ ಎರಡು ಪ್ರಶ್ನೆ. ಮನೆಯಲ್ಲಿ ಸೊಳ್ಳೆ ಬತ್ತಿ ಹಚ್ಚುತ್ತೀರಾ? ದೇವರ ಮನೆ ಅತ್ತೆಯ ರೂಮಿನ ಹತ್ತಿರ ಇದೆಯಾ?

ರಸ್ತೆಬದಿ_ಮನೆ (ರಾಜಾಜಿನಗರ, ಬೆಂಗಳೂರು)

ಡಾಕ್ಟರ್, ಎರಡಕ್ಕೂ ಹೌದು. ಓದುತ್ತಾ ಕಣ್ಣು ತುಂಬಿತು. ದೇವರ ಮನೆ ಅತ್ತೆಯ ರೂಮಿಗೆ ಅಂಟಿಕೊಂಡೇ ಇದೆ. ಬೆಳಿಗ್ಗೆ ಸಂಜೆ ಊದುಬತ್ತಿ, ಶುಕ್ರವಾರ ಸಾಂಬ್ರಾಣಿ. ರಾತ್ರಿ ಅವರ ಮಂಚದ ಕೆಳಗೇ ಸೊಳ್ಳೆ ಬತ್ತಿ. ಅವರಿಗೆ ಸೊಳ್ಳೆ ಕಚ್ಚಬಾರದು ಅಂತ ನಾನೇ ಇಡುತ್ತಿದ್ದೆ.

ಉಸಿರು_ಹಸಿರು (ಮೈಸೂರು)

ನಿಮ್ಮ ತಪ್ಪೇನೂ ಇಲ್ಲ ಮೇಡಂ. ನನ್ನ ಹತ್ತಿರ ಬರುವ ಎಷ್ಟೋ ಮನೆಗಳಲ್ಲಿ ಇದೇ. ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದರೆ ಬರುವ ಪಿಎಂ 2.5, 75ರಿಂದ 137 ಸಿಗರೇಟಿನಷ್ಟು ಅಂತ 2003ರ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಇವತ್ತು ರಾತ್ರಿಯಿಂದಲೇ ಬತ್ತಿ ಬಿಟ್ಟು ಸೊಳ್ಳೆಪರದೆ ಕಟ್ಟಿ. ಊದುಬತ್ತಿಯನ್ನು ತುಳಸಿಕಟ್ಟೆಯ ಹತ್ತಿರ, ಬಯಲಲ್ಲಿ ಹಚ್ಚಿ. ಒಳಗೆ ದೀಪ ಸಾಕು. ಇನ್‌ಹೇಲರ್ ಮಾತ್ರ ಯಾವ ಮಿಷನ್ನು ಬಂದರೂ ನಿಲ್ಲಿಸಬೇಡಿ. ಎರಡು ಸಲ ನೆಬ್ಯುಲೈಸ್ ಆಗಿದೆ ಅಂದರೆ ಔಷಧಿಯ ಪ್ರಮಾಣವನ್ನು ನಿಮ್ಮ ವೈದ್ಯರು ಇನ್ನೊಮ್ಮೆ ನೋಡಬೇಕು. ಇನ್‌ಹೇಲರ್ ಎಳೆಯುವ ರೀತಿಯನ್ನೂ ಅವರ ಮುಂದೆ ಮಾಡಿ ತೋರಿಸಿ.

ಪ್ರಯೋಗಾಲಯದ_ಗೆಳತಿ (ಧಾರವಾಡ)

ಇಲ್ಲಿ ಯಾರಾದರೂ ಆನ್‌ಲೈನಿನಲ್ಲಿ ಸಿಗುವ ಬಿಚ್ಚು ಯುವಿ ಟ್ಯೂಬ್ ತರಿಸುವ ಯೋಚನೆಯಲ್ಲಿದ್ದರೆ ದಯವಿಟ್ಟು ಇದನ್ನು ಓದಿ.

ನಾನು ಲ್ಯಾಬ್ ಟೆಕ್ನಿಷಿಯನ್. ಆರು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ಹೊಸತು. ಕ್ರಿಮಿ ಬೆಳೆಸಿ ನೋಡುವ ಗಾಜಿನ ಪೆಟ್ಟಿಗೆಯಲ್ಲಿ, ಹುಡ್ ಅನ್ನುತ್ತೇವೆ, ಕೆಲಸ ಶುರು ಮಾಡುವ ಮುಂಚೆ ಯುವಿ ಹಾಕಿ, ಆಮೇಲೆ ಆರಿಸಿ ಕೈ ಹಾಕಬೇಕು. ಅವತ್ತು ಮಾಮೂಲಿ ಟ್ಯೂಬ್‌ಲೈಟೂ ಉರಿಯುತ್ತಿತ್ತು, ಯುವಿ ಆರಿಲ್ಲ ಅಂತ ಗೊತ್ತಾಗಲಿಲ್ಲ. ಯುವಿಯನ್ನು ತಾನಾಗಿ ಆರಿಸಬೇಕಿದ್ದ ಆ ಹುಡ್‌ನ ಇಂಟರ್‌ಲಾಕ್ ಕೆಟ್ಟು ತಿಂಗಳಾಗಿತ್ತಂತೆ. ಯಾರೂ ಸರಿ ಮಾಡಿಸಿರಲಿಲ್ಲ. ಸುಮಾರು 20 ನಿಮಿಷ ಹಾಗೇ ಪ್ಲೇಟ್ ಮಾಡಿದೆ. ಆಗ ಏನೂ ಅನ್ನಿಸಲಿಲ್ಲ. ಊಟ ಮಾಡಿ ಮಲಗಿದೆ. ರಾತ್ರಿ 11ಕ್ಕೆ ಕಣ್ಣಿಗೆ ಯಾರೋ ಮರಳು ತುಂಬಿ ಉಜ್ಜಿದ ಹಾಗೆ ನೋವು. ಕಣ್ಣು ಬಿಡಲಾಗದು, ಮುಚ್ಚಲೂ ಆಗದು. ನೀರು ಒಂದೇ ಸಮನೆ. ಕುತ್ತಿಗೆ, ಮುಂಗೈ ಕೆಂಪಾಗಿ ನಾಲ್ಕು ದಿನಕ್ಕೆ ಸಿಪ್ಪೆ ಎದ್ದಿತು. ಎರಡು ದಿನ ಕತ್ತಲೆ ಕೋಣೆಯಲ್ಲಿ ಇದ್ದೆ. ಅಮ್ಮ ಪಕ್ಕದಲ್ಲೇ ಕೂತು ತಣ್ಣೀರು ಬಟ್ಟೆ ಹಾಕುತ್ತಿದ್ದರು. ಪುಣ್ಯಕ್ಕೆ ಕಣ್ಣಿಗೆ ಶಾಶ್ವತ ತೊಂದರೆ ಆಗಲಿಲ್ಲ.

ಇದರ ಮೋಸ ಇಲ್ಲಿದೆ: ಬಿದ್ದಾಗ ನೋಯುವುದಿಲ್ಲ. ಗಂಟೆಗಳಾದ ಮೇಲೆ ನೋಯುತ್ತದೆ. ಕೋವಿಡ್ ಸಮಯದಲ್ಲಿ ಜನ ಕೈಗೂ ಯುವಿ ಹಿಡಿಯತೊಡಗಿದಾಗ ಹಾಗೆ ಮಾಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಬೇಕಾಯಿತು. ಮನೆಯಲ್ಲಿ ಮಕ್ಕಳು, ಬೆಕ್ಕು ಓಡಾಡುವ ಕಡೆ ಬಿಚ್ಚು ಟ್ಯೂಬ್ ಬೇಡವೇ ಬೇಡ.

ರಿಪೇರಿ_ಅಂಗಳ (ಹುಬ್ಬಳ್ಳಿ)

ಅಕ್ಕ ಹೇಳಿದ್ದಕ್ಕೆ ಅಂಕಿ ಸೇರಿಸುತ್ತೇನೆ. 254 ನ್ಯಾನೋಮೀಟರಿಗೆ ಬಹಳ ಕಾಲದಿಂದ ಬಳಕೆಯಲ್ಲಿರುವ ಮಿತಿ 8 ಗಂಟೆಗೆ ಚದರ ಸೆಂಟಿಮೀಟರಿಗೆ 6 ಮಿಲಿಜೌಲ್. ಅಂದರೆ ಇಡೀ ದಿನ ಕೂರುವ ಜಾಗದಲ್ಲಿ ಚದರ ಸೆಂಟಿಮೀಟರಿಗೆ 0.2 ಮೈಕ್ರೋವಾಟ್ ಅಷ್ಟೇ ಇರಬೇಕು. ಬಿಚ್ಚು ಟ್ಯೂಬಿನ ಎದುರು ನಿಂತರೆ ಈ ಮಿತಿ ಕೆಲವೇ ಸೆಕೆಂಡು, ನಿಮಿಷಗಳಲ್ಲಿ ಮುಗಿಯುತ್ತದೆ.

ಕಡಲತಡಿ (ಮಂಗಳೂರು)

ನನ್ನದು ಬೇರೆ ಸಮಸ್ಯೆ, ಆದರೆ ಇದಕ್ಕೇ ಸೇರುತ್ತದೆ. ಮಳೆಗಾಲದಲ್ಲಿ ನಮ್ಮ ಮನೆಯ ಗೋಡೆ, ಕಪಾಟು, ಚಪ್ಪಲಿಗೂ ಬೂಷ್ಟು. ವಾಸನೆಗೆ ತಲೆನೋವು ಬರುತ್ತದೆ. ಯುವಿ ಹಾಕಿದರೆ ಬೂಷ್ಟು ಹೋಗುತ್ತದಾ?

ರಿಪೇರಿ_ಅಂಗಳ (ಹುಬ್ಬಳ್ಳಿ)

ಇಲ್ಲ. ಬೂಷ್ಟಿನ ಬೀಜಕಣಗಳು, ಅದರಲ್ಲೂ ಕಪ್ಪು ಬಣ್ಣದವು, ಬ್ಯಾಕ್ಟೀರಿಯಾಗಿಂತ ಹೆಚ್ಚು ಯುವಿ ತಡೆದುಕೊಳ್ಳುತ್ತವೆ. ಗಾಳಿಯ ತೇವ 60-70% ದಾಟಿದರೆ ಯುವಿಯ ಬಲವೂ ಇಳಿಯುತ್ತದೆ. ಆಷಾಢದಲ್ಲಿ ನಿಮ್ಮ ಮನೆಯ ತೇವ ಎಲ್ಲಿರುತ್ತದೆ ಅಂತ ನಿಮಗೇ ಗೊತ್ತು. ಎಲ್ಲಿಂದ ನೀರು ಜಿನುಗುತ್ತಿದೆ ಹುಡುಕಿ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ಎಳೆಯಿರಿ. ದುಡ್ಡು ಹಾಕುವುದಾದರೆ ತೇವ ಹೀರುವ ಡಿಹ್ಯುಮಿಡಿಫೈಯರಿಗೆ ಹಾಕಿ.

ಎಡಿಸನ್_ಕನ್ನಡತಿ (ನ್ಯೂಜೆರ್ಸಿ)

ಇಲ್ಲಿ ಮನೆಗಳಲ್ಲಿ ಡಕ್ಟ್ ಇರುವುದರಿಂದ ಯುವಿ ಲ್ಯಾಂಪ್ ಹಾಕಿಸಿಕೊಳ್ಳಿ ಅಂತ ಎಸಿ ಸರ್ವಿಸಿನವರು ಪ್ರತಿ ವರ್ಷ ಹೇಳುತ್ತಾರೆ. ನಾವು ಕೂಲಿಂಗ್ ಕಾಯಿಲ್ ಮೇಲೆ ಬೆಳಕು ಬೀಳುವ ಹಾಗೆ ಹಾಕಿಸಿದೆವು. ಕಾಯಿಲ್ ಯಾವಾಗಲೂ ಒದ್ದೆ, ಅಲ್ಲಿ ಲೋಳೆ ಕಟ್ಟುತ್ತದೆ. ಲ್ಯಾಂಪಿನ ಬೆಳಕು ಅಲ್ಲೇ ಹಗಲೂ ರಾತ್ರಿ ಬೀಳುವುದರಿಂದ ಡೋಸ್ ಸಾಕಾಗುತ್ತದೆ. ಹಾಕಿಸಿದ ಮೇಲೆ ಆ ಮುಗ್ಗಲು ವಾಸನೆ ನಿಂತಿತು. ಕೆನಡಾದ ಮಾಂಟ್ರಿಯಲ್‌ನ ಆಫೀಸುಗಳಲ್ಲಿ ಹೀಗೆ ಕಾಯಿಲ್ ಮೇಲೆ ಯುವಿ ಹಾಕಿ ತೆಗೆದು ನೋಡಿ, ಕೆಲಸದ ಜಾಗದಿಂದ ಬರುವ ಕೆಲಸಗಾರರ ಒಟ್ಟು ತೊಂದರೆಗಳು ಸುಮಾರು 20% ಇಳಿದವು ಅಂತ 2003ರಲ್ಲಿ ಬರೆದಿದ್ದರು. ನೆಗಡಿ ಹರಡುವುದು ಮಾತ್ರ ನಮ್ಮ ಮನೆಯಲ್ಲಿ ಕಡಿಮೆಯಾಗಿಲ್ಲ. ಮಕ್ಕಳು ಸೋಫಾದ ಮೇಲೆ ಒಬ್ಬರಿಗೊಬ್ಬರು ಅಂಟಿಕೊಂಡು ಕೂರುವಾಗ ಡಕ್ಟಿನ ಲ್ಯಾಂಪು ಏನು ಮಾಡೀತು?

ಹಳೇಬೆಂಚು_ಮೇಷ್ಟ್ರು (ಶಿವಮೊಗ್ಗ)

ನಾನು ಮನೆಯ ಮಹಡಿಯಲ್ಲಿ ಟ್ಯೂಷನ್ ಮಾಡುತ್ತೇನೆ. ಒಂದು ಹಾಲ್, 30 ಮಕ್ಕಳು. ಹೊರಗಿನ ಸದ್ದಿಗೆ ಕಿಟಕಿ ಮುಚ್ಚಿ ಎಸಿ ಹಾಕುತ್ತೇವೆ. ಪರೀಕ್ಷೆ ಹತ್ತಿರ ಬಂದಾಗಲೇ ಅರ್ಧ ಮಕ್ಕಳಿಗೆ ಜ್ವರ. ಡಾಕ್ಟರ್ ಹೇಳಿದ ಶಾಲೆಯ ಲ್ಯಾಂಪು ನನ್ನ ಹಾಲಿಗೆ ಆಗುತ್ತದಾ? ಮನುಷ್ಯರ ಮೇಲೆ ಬಿದ್ದರೂ ಪರವಾಗಿಲ್ಲ ಅನ್ನುವ 222 ನ್ಯಾನೋಮೀಟರಿನ ಹೊಸ ಲೈಟ್ ಬಗ್ಗೆಯೂ ಓದಿದೆ. ಮಕ್ಕಳ ವಿಷಯ, ಖರ್ಚಿಗೆ ಹಿಂದೆ ನೋಡುವುದಿಲ್ಲ.

ಉಸಿರು_ಹಸಿರು (ಮೈಸೂರು)

ಮೇಷ್ಟ್ರೇ, ನಿಮ್ಮಂಥ ಜಾಗಕ್ಕೆ ಯುವಿಯ ಬಗ್ಗೆ ಯೋಚಿಸುವುದರಲ್ಲಿ ಅರ್ಥ ಇದೆ. ಆದರೆ ಅದು ಮೊದಲ ಹೆಜ್ಜೆ ಅಲ್ಲ. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ಒಳಗೆ ತರುವುದಿಲ್ಲ. ಒಳಗಿನದನ್ನೇ ತಂಪು ಮಾಡಿ ತಿರುಗಿಸುತ್ತದೆ. 30 ಮಕ್ಕಳು ಬಿಟ್ಟ ಉಸಿರನ್ನು 30 ಮಕ್ಕಳು ಎಳೆದುಕೊಳ್ಳುತ್ತಿದ್ದಾರೆ. ಉಸಿರಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡ್ ಅಳೆಯುವ ಒಂದು ಸಿಒ2 ಮೀಟರ್ ತಂದು ಇಡಿ. ಹೊರಗಿನ ಗಾಳಿಯಲ್ಲಿ ಸುಮಾರು 420 ಪಿಪಿಎಂ ಇರುತ್ತದೆ. ಒಳಗೆ 1,000 ದಾಟಿ ಏರುತ್ತಲೇ ಇದ್ದರೆ ಹೊರಗಿನ ಗಾಳಿ ಸಾಲುತ್ತಿಲ್ಲ ಅಂತ ಲೆಕ್ಕ. ಯುವಿಯಾಗಲಿ ಹೆಪಾ ಆಗಲಿ ಈ ಅಂಕಿಯನ್ನು ಇಳಿಸುವುದಿಲ್ಲ.

ರಿಪೇರಿ_ಅಂಗಳ (ಹುಬ್ಬಳ್ಳಿ)

ಗೋಡೆಯ ಲ್ಯಾಂಪಿನ ಬಗ್ಗೆ ನಾನು ಹೇಳುತ್ತೇನೆ ಸರ್. ಅದನ್ನು ನೆಲದಿಂದ ಕನಿಷ್ಠ 7 ಅಡಿ ಮೇಲೆ ಕೂರಿಸಬೇಕು. ಅದರ ಮೇಲೆ ಚಾವಣಿವರೆಗೂ ಜಾಗ ಬೇಕು, ಆ ಜಾಗದ ಗಾಳಿಯೇ ಶುದ್ಧವಾಗುವುದು. ಬೆಳಕು ಕೆಳಗೆ ಬೀಳದ ಹಾಗೆ ಪಟ್ಟಿಗಳಿರುವ ಫಿಕ್ಸ್ಚರೇ ಬೇಕು. ಚಾವಣಿಗೆ ಬಡಿದು ಎಷ್ಟು ವಾಪಸ್ ಬರುತ್ತದೆ ಅಂತ ಮೀಟರ್ ಹಿಡಿದು ಮಕ್ಕಳ ಕಣ್ಣಿನ ಎತ್ತರದಲ್ಲಿ ಅಳೆಯಬೇಕು. ಸೀಲಿಂಗ್ ಫ್ಯಾನು ನಿಧಾನವಾಗಿ ತಿರುಗುತ್ತಿರಬೇಕು. ಇದು ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದು ಅರ್ಧ ದಿನದಲ್ಲಿ ಮುಗಿಸುವ ಕೆಲಸ ಅಲ್ಲ.

222ರ ಲ್ಯಾಂಪು ಒಳ್ಳೆ ದಾರಿ ಹಿಡಿದಿದೆ. ಕ್ರಿಪ್ಟಾನ್ ಕ್ಲೋರೈಡ್ ಅನಿಲದಿಂದ ಬರುವ ಬೆಳಕು. ಚರ್ಮದ ಮೇಲಿನ ಸತ್ತ ಪದರದಲ್ಲೇ ಹೆಚ್ಚಿನಂಶ ನಿಂತುಬಿಡುತ್ತದೆ. ಆದರೆ ಅದೂ ಸ್ವಲ್ಪ ಓಝೋನ್ ಮಾಡುತ್ತದೆ. ಕಿಟಕಿ ಮುಚ್ಚಿದ ಹಾಲಿನಲ್ಲಿ ಅದು ಹೊರಗೆ ಹೋಗುವ ದಾರಿ ಇರುವುದಿಲ್ಲ. ಬೆಲೆಯೂ ಜಾಸ್ತಿ. ನನ್ನ ಮಾತು ಕೇಳುವುದಾದರೆ ಮೊದಲು ಒಂದು ಕಡೆ ಎಕ್ಸಾಸ್ಟ್ ಫ್ಯಾನು, ಎದುರು ಕಡೆ ಕಿಟಕಿ ಒಂದು ಗೇಣು.

ರಸ್ತೆಬದಿ_ಮನೆ (ರಾಜಾಜಿನಗರ, ಬೆಂಗಳೂರು)

ಮೂರು ವಾರ ಆಯಿತು, ಏನಾಯಿತು ಅಂತ ಹೇಳಬೇಕು.

ಆ ಹುಡುಗ ಮತ್ತೆ ಫೋನ್ ಮಾಡಿದ. ಮೂರು ವಿಷಯ ಕೇಳಿದೆ. ಲ್ಯಾಂಪು ಎಷ್ಟು ನ್ಯಾನೋಮೀಟರ್? ಓಝೋನ್ ಟೆಸ್ಟಿನ ಕಾಗದ ಇದೆಯಾ? ಸಿಎಡಿಆರ್ ಎಷ್ಟು? ಮ್ಯಾನೇಜರ್ ಹತ್ತಿರ ಕೇಳಿ ಹೇಳುತ್ತೇನೆ ಅಂದ. ಮತ್ತೆ ಕರೆ ಬರಲಿಲ್ಲ. ಪಾಪ, ಅವನಿಗೂ ಯಾರೂ ಕಲಿಸಿಲ್ಲ.

ಮಾವನಿಗೆ ಈ ಚರ್ಚೆಯನ್ನು ಪೂರ್ತಿ ಓದಿ ಹೇಳಿದೆ. ಬಾಲ್ಟಿಮೋರಿನ ಇಲಿಗಳ ಕಥೆ ಎರಡು ಸಲ ಕೇಳಿದರು. ಆಮೇಲೆ ಅವರೇ ಪೇಟೆಗೆ ಹೋಗಿ ಸೊಳ್ಳೆಪರದೆ ತಂದರು. ಸಿಎಡಿಆರ್ 200 ಇರುವ, ಯುವಿ ಇಲ್ಲದ, ಅಯಾನೈಸರ್ ಇಲ್ಲದ ಹೆಪಾ ಮಿಷನ್ನು ತಗೊಂಡೆವು. ಆ ಇನ್ನೊಂದರ ಅರ್ಧಕ್ಕಿಂತ ಕಡಿಮೆ ಬೆಲೆ. ಮಂಚದಿಂದ ಮೂರಡಿ ದೂರ, ಗೋಡೆಗೆ ತಾಗದ ಹಾಗೆ ಇಟ್ಟಿದ್ದೇವೆ. ಪಕ್ಕದ ಮನೆಯವರ ಮೀಟರ್ ತಂದು ನೋಡಿದಾಗ ಬೆಳಿಗ್ಗೆ ರೂಮಿನಲ್ಲಿ ಪಿಎಂ 2.5 70ರ ಹತ್ತಿರ ಇತ್ತು. ಮಿಷನ್ನು ಒಂದು ಗಂಟೆ ಓಡಿದ ಮೇಲೆ 20ಕ್ಕಿಂತ ಕೆಳಗೆ. ಒಂದು ಸಂಜೆ ಅಡುಗೆಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆ ಹಾಕಿದೆ, ಬಾಗಿಲು ಮುಚ್ಚಲು ಮರೆತಿದ್ದೆ. ಅಂಕಿ 180ಕ್ಕೆ ಹಾರಿತು! ಅದಾದ ಮೇಲೆ ಚಿಮಣಿ ಹಾಕದೆ ಒಲೆ ಹಚ್ಚುವುದಿಲ್ಲ.

ಕಿಟಕಿಯ ವಿಷಯದಲ್ಲಿ ಗೊಂದಲ ಇತ್ತು. ತೆಗೆದರೆ ಧೂಳು, ಮುಚ್ಚಿದರೆ ಗಾಳಿ ಇಲ್ಲ. ಕೊನೆಗೆ ರಸ್ತೆಯ ಕಡೆಯದು ಮುಚ್ಚಿ, ಹಿತ್ತಲ ಕಡೆಯದು ಬೆಳಿಗ್ಗೆ 11ರಿಂದ 4ರವರೆಗೆ ತೆಗೆಯುತ್ತೇವೆ. ಆಗ ಟ್ರಾಫಿಕ್ ಕಡಿಮೆ. ಮಗನಿಗೆ ನೆಗಡಿ ಆದ ವಾರ ಅವನು ಅಜ್ಜಿಯ ರೂಮಿಗೆ ಹೋಗಲಿಲ್ಲ, ಬಾಗಿಲಲ್ಲಿ ನಿಂತು ಕಥೆ ಕೇಳಿದ. ವೈದ್ಯರು ಇನ್‌ಹೇಲರಿಗೆ ಸ್ಪೇಸರ್ ಅನ್ನುವ ಕೊಳವೆ ಸೇರಿಸಿದರು. ಅತ್ತೆ ಎಳೆಯುವ ರೀತಿಯೇ ತಪ್ಪಿತ್ತಂತೆ, ಅರ್ಧ ಔಷಧಿ ಗಂಟಲಲ್ಲೇ ನಿಲ್ಲುತ್ತಿತ್ತು. ಮೂರು ವಾರದಲ್ಲಿ ರಾತ್ರಿ ಎದ್ದು ಕೂತದ್ದು ಒಂದೇ ಸಲ. ಯಾವುದರಿಂದ ಎಷ್ಟು ಗುಣ ಅಂತ ನನಗೆ ಬಿಡಿಸಿ ಹೇಳಲು ಬರುವುದಿಲ್ಲ. ಎಲ್ಲ ಒಟ್ಟಿಗೇ ಮಾಡಿದೆವು.

ಡಾಕ್ಟರ್, ನಿಮ್ಮ ಎರಡು ಪ್ರಶ್ನೆಗೆ ನಾನು ಜನ್ಮವಿಡೀ ಋಣಿ.

ಹಳೇಬೆಂಚು_ಮೇಷ್ಟ್ರು (ಶಿವಮೊಗ್ಗ)

ನಾನೂ ಹೇಳಿಬಿಡುತ್ತೇನೆ. ಸಿಒ2 ಮೀಟರ್ ಇಟ್ಟ ಮೊದಲ ದಿನ ಒಂದು ಗಂಟೆಯಲ್ಲಿ 2,300 ಮುಟ್ಟಿತು. ಮಕ್ಕಳು ಆಕಳಿಸುವುದಕ್ಕೆ ನನ್ನ ಪಾಠ ಒಂದೇ ಕಾರಣ ಅಲ್ಲ ಅಂತ ತಿಳಿದು ಸಮಾಧಾನವಾಯಿತು, ಭಯವೂ ಆಯಿತು. ಎರಡು ಎಕ್ಸಾಸ್ಟ್ ಫ್ಯಾನು ಹಾಕಿಸಿದೆ. ಎದುರಿನ ಕಿಟಕಿ ಒಂದು ಗೇಣು ತೆರೆದಿರುತ್ತದೆ. 30 ಮಕ್ಕಳನ್ನು ಎರಡು ಬ್ಯಾಚ್ ಮಾಡಿದೆ. ಈಗ 900ರ ಆಸುಪಾಸು. ಯುವಿ ಲ್ಯಾಂಪಿನ ವಿಚಾರ ಬೇಸಿಗೆ ರಜೆಯಲ್ಲಿ, ಅಳತೆ ಗೊತ್ತಿರುವವರನ್ನು ಕರೆಸಿ ನೋಡುತ್ತೇನೆ.

ಪ್ರಯೋಗಾಲಯದ_ಗೆಳತಿ (ಧಾರವಾಡ)

ಮೇಷ್ಟ್ರೇ, ಹಾಕಿಸುವಾಗ ಹಳೇ ಲ್ಯಾಂಪು ಎಲ್ಲಿಗೆ ಕೊಡಬೇಕು ಅಂತಲೂ ಅವರನ್ನೇ ಕೇಳಿಟ್ಟುಕೊಳ್ಳಿ. ಒಳಗೆ ಪಾದರಸ ಇರುತ್ತದೆ. ಕಸದ ಗಾಡಿಗೆ ಹಾಕಬಾರದು, ಇ-ತ್ಯಾಜ್ಯಕ್ಕೆ ಕೊಡಬೇಕು. ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ ಕಿಟಕಿ ತೆಗೆಯಿರಿ. ಪೊರಕೆ, ವ್ಯಾಕ್ಯೂಮ್ ಬೇಡ. ಗಟ್ಟಿ ರಟ್ಟಿನಿಂದ ಬಳಿದು, ಚೂರುಗಳನ್ನು ಟೇಪಿಗೆ ಅಂಟಿಸಿ ಡಬ್ಬಿಗೆ ಹಾಕಿ ಮುಚ್ಚಿ.

ರಸ್ತೆಬದಿ_ಮನೆ (ರಾಜಾಜಿನಗರ, ಬೆಂಗಳೂರು)

ಗುರುಗ್ರಾಮದ ಸರ್, ಒಂದು ಪ್ರಶ್ನೆ ಉಳಿದಿದೆ. ಫಿಲ್ಟರ್ ಆಗಲೇ ಬೂದು ಬಣ್ಣಕ್ಕೆ ತಿರುಗಿದೆ. ತೊಳೆಯಬಹುದಾ?

ತುಂಗಭದ್ರೆಯಿಂದ_ದೂರ (ಗುರುಗ್ರಾಮ)

ಹೆಪಾಕ್ಕೆ ನೀರು ತಾಗಿಸಬೇಡಿ ಮೇಡಂ, ಎಳೆಗಳು ಹಾಳಾಗುತ್ತವೆ. ಹೊರಗಿನ ಜಾಲರಿಯನ್ನು ಮಾತ್ರ 15 ದಿನಕ್ಕೊಮ್ಮೆ ಬ್ರಷ್‌ನಿಂದ ಸ್ವಚ್ಛ ಮಾಡಿ. ಬೂದು ಬಣ್ಣ ಬಂದರೆ ಅದು ಕೆಲಸ ಮಾಡುತ್ತಿದೆ ಅಂತ ಅರ್ಥ. ಗಾಳಿ ಬರುವ ಜೋರು ಕಡಿಮೆಯಾದಾಗ, ಇಲ್ಲವೇ ಮೀಟರಿನ ಅಂಕಿ ಮೊದಲಿನಷ್ಟು ಬೇಗ ಇಳಿಯದಿದ್ದಾಗ ಬದಲಾಯಿಸಿ. ಹೊಸದನ್ನು ಹಾಕುವಾಗ ಮೇಲಿನ ಪ್ಲಾಸ್ಟಿಕ್ ಕವರ್ ತೆಗೆಯುವುದು ಮರೆಯಬೇಡಿ. ನಮ್ಮ ಅಪಾರ್ಟ್‌ಮೆಂಟಿನ ಒಬ್ಬರು ಇಡೀ ನವೆಂಬರ್ ತಿಂಗಳು ಕವರ್ ಸಮೇತ ಓಡಿಸಿದ್ದರು.